ಮುದುಕಿ ಪಾರ್ಟು

ನಂದಿದುರ್ಗ, ಕೆ.ಜಿ.ಎಫ್.
೧೬-೨-೧೯೬೩, ಶನಿವಾರ

ಪ್ರೀತಿಯ ಕನಕಾ,

ನಿನ್ನ ಗಂಟಲು ಈಗ ಹೇಗಿದೆ? ವೆಲ್ಲೂರಿನ ಧೂಳಿನಲ್ಲಿ ಹೊಲಿಗೆ ಮಿಷನ್ನಿನ ಮುಂದೆ ಕೂತು ಕೆಮ್ಮುತ್ತಿರುತ್ತೀಯ ಎಂದು ನೆನೆದಾಗಲೆಲ್ಲ ನನ್ನ ನೆಮ್ಮದಿ ಹಾಳಾಗುತ್ತದೆ. ಮೆಣಸಿನ ಕಷಾಯ ಬಿಡಬೇಡ. ಮಂಡಿನೋವು ಬಿಟ್ಟರೆ ನನಗೇನೂ ಆಗಿಲ್ಲ. ನಿನ್ನ ಮಗಳು ಅಮ್ಮಾಜಿ ನನಗಿಂತ ಎತ್ತರವಾಗಿದ್ದಾಳೆ. ಎಸ್.ಎಸ್.ಎಲ್.ಸಿ. ಮುಗಿಸಿ ಮನೆಯಲ್ಲೇ ಇದ್ದಾಳೆ. ಟೈಪಿಂಗ್ ಕಲಿಯೇ ಎಂದರೆ ಹೂಂ ಎನ್ನುತ್ತಾಳೆ, ಹೋಗುವುದಿಲ್ಲ.

ನೀನು ಕೇಳಿದ ವಿಷಯಕ್ಕೆ ಬರುತ್ತೇನೆ. ವೆಲ್ಲೂರಿನ ನಾಟಕ ಕಂಪನಿಯವರು ನಿನ್ನ ತಮಿಳನ್ನು ಕೋಲಾರದ ತಮಿಳು ಎಂದು ನಕ್ಕು, ಬಣ್ಣ ಹಚ್ಚಲು ಬಿಡದೆ ಬೇರೆಯವರ ಉಡುಪು ಹೊಲಿಯಲು ಕೂರಿಸಿದ್ದಾರೆ, ಇಲ್ಲಿ ಮತ್ತೆ ರಾಣಿ ಪಾತ್ರ ಸಿಗುವುದೇ ವಿಚಾರಿಸು ಎಂದು ನೀನು ಬರೆದಿದ್ದೆ. ಬಂಗಾರಪೇಟೆಯ ರಾಮಚಂದ್ರಪ್ಪನಿಗೆ ಹೇಳಿಕಳುಹಿಸಿದೆ. ಹಳ್ಳಿಗಳಿಗೆ ಪರದೆ, ಕಿರೀಟ, ಹೆಣ್ಣು ಪಾತ್ರ ಎಲ್ಲವನ್ನೂ ಒಂದೇ ಲಾರಿಯಲ್ಲಿ ಒದಗಿಸುವವನು ಇಂದಿಗೂ ಅವನೇ ತಾನೆ. ಮೊನ್ನೆ ಮನೆಗೇ ಬಂದ. ಅಮ್ಮಾಜಿ ಕೊಟ್ಟ ಕಾಫಿ ಕುಡಿದು, ಲೋಟ ಕೆಳಗಿಟ್ಟು ಹೇಳಿದ: "ಟೀಚರಮ್ಮ, ರಾಣಿ ಪಾರ್ಟಿಗೆ ಉಡುಗಿ ಸಿಕ್ಕವ್ಳೆ. ಮುದ್ಕಿ ಪಾರ್ಟು ಒಂದೈತೆ. ಒಂದೇ ಪದ್ಯ. ಕೆಮ್ಮಾದು, ಕೋಲು ಊರಾದು, ಬೀಳಾದು. ಜನ ಬಿದ್ದು ಬಿದ್ದು ನಗ್ತಾರೆ. ಕನಕಮ್ಮಂಗೆ ಏಳಿ, ಬೇಜಾರ್ ಮಾಡ್ಕಬ್ಯಾಡ ಅಂತ."

ಅವನನ್ನು ಕೂಡಲೇ ಎಬ್ಬಿಸಿ ಕಳಿಸಬೇಕಿತ್ತು. ಬದಲಿಗೆ, ನನ್ನ ತಂಗಿಗೆ ಮೂವತ್ತೆಂಟು ವರ್ಷ ಅಷ್ಟೆ ಎಂದೆ, ವಕೀಲರಂತೆ. ಅವನು ನಕ್ಕ. "ವರ್ಸ ಯಾರ್ ಕೇಳ್ತಾರಮ್ಮ? ಅವ್ವ ಅಂತ ಎಸ್ರು ಬಿದ್ದೋಯ್ತಲ್ಲ."

ಬೂದಿಕೋಟೆಯ ಆ ನಾಟಕ ಇನ್ನೂ ನಮ್ಮನ್ನು ಬಿಟ್ಟಿಲ್ಲ ನೋಡು. ನಿನ್ನ ಮಗನ ಪಾತ್ರ ಮಾಡಿದ ಕದಿರಪ್ಪ ನಿನಗಿಂತ ಒಂದು ಮೊಳ ಎತ್ತರ, ಕಿರೀಟದ ಕೆಳಗೆ ದಪ್ಪ ಮೀಸೆ. ನಾಟಕದ ಮೇಷ್ಟ್ರು ತಿಂಗಳುಗಟ್ಟಲೆ ತಿದ್ದಿ ತೀಡಿ ಕಲಿಸಿದ್ದ 'ಮಾತೆ' ಎಂಬ ಮಾತು ಪೆಟ್ರೋಮ್ಯಾಕ್ಸ್ ಬೆಳಕಿನಲ್ಲಿ ಮರೆತುಹೋಗಿ, ಮನೆಯಲ್ಲಿ ತಾಯನ್ನು ಕರೆಯುವಂತೆ ಪಾಪದವನು "ಅವ್ವಾ" ಎಂದುಬಿಟ್ಟ. ಕನ್ನಡದವರಿಗೆ ಅದರಲ್ಲಿ ತಪ್ಪೇ ಕಾಣಲಿಲ್ಲ. ಆದರೆ ಕೂತವರಲ್ಲಿ ಅರ್ಧ ಜನ ತೆಲುಗರು. ಅವರ ಮನೆಯಲ್ಲಿ ಅವ್ವ ಎಂದರೆ ಅಜ್ಜಿ. ಚಾಪೆಯ ಮೇಲಿಂದ ಯಾರೋ ಕೂಗಿದ: "ಸರ್ಯಾಗೇ ಕರ್ದೆ ಕಣ್ಲಾ ಕದ್ರ! ಅವ್ವನೇ ಅವ್ಳು! ರಾಣಿ ಎಲ್ಲವ್ಳೆ, ಒಳಗ್ ನೋಡ್ಲಾ!" ನಗು ಹಿಂದಿನ ಸಾಲಿನವರೆಗೂ ಹೋಯಿತು. ನೀನು ನಗು ನಿಲ್ಲುವವರೆಗೆ ಕಾದು, ಶ್ರುತಿ ತಪ್ಪದೆ ಪದ್ಯ ಎತ್ತಿಕೊಂಡೆ. ನಾನು ಕೇಳಿದ ನಿನ್ನ ಹಾಡುಗಳಲ್ಲಿ ಅದಕ್ಕಿಂತ ಚೆನ್ನಾದದ್ದಿಲ್ಲ. ಯಾರೂ ಒನ್ಸ್ ಮೋರ್ ಎನ್ನಲಿಲ್ಲ. ಆಮೇಲೆ ಯಾವ ಊರಿಗೆ ಹೋದರೂ, ನೀನು ಪರದೆಯಿಂದ ಹೊರಬರುವ ಮೊದಲೇ "ಅವ್ವ ಬಂದ್ಳು" ಎಂದು ಶುರುವಾಗುತ್ತಿತ್ತು.

ಎಷ್ಟು ಸಣ್ಣ ಮಾತಿಗೆ ಎಷ್ಟು ವರ್ಷದ ಕೆಲಸ ಹೋಯಿತು! ಮಾತು ಕನ್ನಡದಲ್ಲಿ, ಪದ್ಯ ತೆಲುಗಿನಲ್ಲಿ ಎಂಬುದು ನಮ್ಮ ಕಡೆಯ ನಾಟಕದ ಪದ್ಧತಿ. ಕನ್ನಡದಲ್ಲಿ ಅಳುತ್ತಾ ಬಂದು ಅದೇ ಉಸಿರಿನಲ್ಲಿ ತೆಲುಗಿನ ಪದ್ಯಕ್ಕೆ ದಾಟುವುದು, ದಾಟಿದ್ದು ಯಾರಿಗೂ ತಿಳಿಯದಂತೆ ದಾಟುವುದು, ನಿನ್ನಂತೆ ಯಾರಿಗೆ ಬರುತ್ತಿತ್ತು? ಎರಡೂ ಭಾಷೆಯವರು ನಿನ್ನನ್ನು ತಮ್ಮವಳು ಎಂದು ಕೊಂಡಾಡಿದರು. ಕೊನೆಗೆ ಎರಡು ಭಾಷೆಗಳ ನಡುವಿನ ಸಂದಿಯಲ್ಲೇ ನಿನ್ನನ್ನು ಕೆಡವಿದರು. ಅಪ್ಪ ನನ್ನನ್ನು ಕಾನ್ವೆಂಟಿಗೆ ಹಾಕಿದರು, ನಿನ್ನನ್ನು ಹಾರ್ಮೋನಿಯಂ ಮೇಷ್ಟ್ರ ಹತ್ತಿರ ಬಿಟ್ಟರು. ಗಣಿಯಲ್ಲಿ ನಿನ್ನ ಗಂಡ ತೀರಿಹೋದಾಗ ಆ ಹಾರ್ಮೋನಿಯಮ್ಮೇ ನಿನಗೂ ಮಗುವಿಗೂ ಅನ್ನ ಹಾಕಿತು. ನನ್ನ ಇಂಗ್ಲಿಷ್ ನನಗೆ ಅನ್ನ ಹಾಕಿದೆ, ನಿಜ, ಆದರೆ ಅದನ್ನು ಕೇಳಿ ಯಾರೂ ಅತ್ತಿಲ್ಲ. ಇದು ಹೊಟ್ಟೆಕಿಚ್ಚೋ ಹೆಮ್ಮೆಯೋ ನನಗೇ ಗೊತ್ತಾಗುವುದಿಲ್ಲ.

ಆದರೆ ಒಂದು ಗೊತ್ತು. ಮುದುಕಿ ಪಾತ್ರಕ್ಕೆ ಒಪ್ಪಬೇಡ. ರಾಣಿಯಾಗಿ ನಿಂತ ವೇದಿಕೆಯ ಮೇಲೆ ಕೋಲು ಊರಿ ಬಿದ್ದು ಅದೇ ಜನರನ್ನು ನಗಿಸಲು ನೀನು ವೆಲ್ಲೂರಿನಿಂದ ಬರುವುದು ಬೇಡ. ಇಲ್ಲಿ ಕೋಣೆ ಇದೆ, ನನ್ನ ಸಂಬಳ ಇದೆ. ತಂಗಿಯಾಗಿ ಬಾ. ನಟಿಯಾಗಿ ಬರಬೇಡ. ರಾಮಚಂದ್ರಪ್ಪನಿಗೆ 'ಆಗುವುದಿಲ್ಲ' ಎಂದು ನಾನೇ ಹೇಳುತ್ತೇನೆ. ಹೀಗೆ ನಿನ್ನ ಪರವಾಗಿ ತೀರ್ಮಾನ ಮಾಡಲು ನನಗೇನು ಹಕ್ಕು ಎಂದು ನೀನು ಕೇಳಬಹುದು. ಕೇಳು.

ಪಕ್ಕದ ಮನೆಯ ಮುನಿಶಾಮಮ್ಮ ನಿನ್ನನ್ನು ಕೇಳಿದಳೆಂದು ಬರೆಯಲು ಹೇಳಿದಳು. ದೇವರು ನಿನ್ನ ದನಿಯನ್ನು ಕಾಪಾಡಲಿ.

ನಿನ್ನ ಅಕ್ಕ,
ಮುನಿಗಂಗಮ್ಮ

ತಾ.ಕ.: ಕವರಿಗೆ ಅಂಟು ಹಚ್ಚುವಾಗ ಅಮ್ಮಾಜಿ ಎದುರಿಗೆ ಬಂದು ನಿಂತಳು. "ಪೆದ್ದಮ್ಮ, ಆ ರಾಣಿ ಪಾರ್ಟು ನಂದೇ. ಮಾತು ಕೊಟ್ಟಾಗೈತೆ. ಅಮ್ಮನ ಪದ್ಯ ಎಲ್ಲಾ ನಂಗೆ ಬತ್ತದೆ" ಎಂದಳು. ಬೈದೆ, ಬೇಡಿಕೊಂಡೆ. ಅವಳು ಒಂದು ಪದ್ಯ ಹಾಡಿದಳು. ಬರುತ್ತದೆ, ಕನಕಾ. ನಾನು ಬಾಗಿಲು ಹಾಕಿಟ್ಟರೂ ಇವಳು ನಿಲ್ಲುವವಳಲ್ಲ. ಯುಗಾದಿಗೆ ಮೊದಲ ನಾಟಕವಂತೆ. ಆ ಲಾರಿಯಲ್ಲಿ, ಆ ಗಂಡಸರ ನಡುವೆ, ಪರದೆ ಸುರುಳಿಗಳ ಮೇಲೆ ಕೂತು ಊರೂರು ತಿರುಗುವುದು ಏನೆಂದು ನಿನಗೆ ನಾನು ಹೇಳಬೇಕಿಲ್ಲ. ಮೇಲೆ ಬರೆದದ್ದನ್ನು ಹೊಡೆದುಹಾಕಲು ಹೊತ್ತಿಲ್ಲ, ಟಪಾಲು ಹೊರಡುತ್ತದೆ. ಮುದುಕಿ ಪಾರ್ಟಿಗೆ ಒಪ್ಪಿಕೋ. ನಗುವವರು ನಗಲಿ. ಬೇಗ ಬಾ.