ಟೋಪಿ ತೆಗೆದ ಎರಡು ಗಂಟೆ

ಮ್ವಾನ್ಜಾ,
ಆಗಸ್ಟ್ ೧೧, ಸೋಮವಾರ

ಅಮ್ಮಾ,

ಇಲ್ಲಿಂದಲೇ ನಿನ್ನ ಕಾಲಿಗೆ ಬಿದ್ದೆ. ಬೀಳಲು ಕಾರಣವೂ ಇದೆ. ನಾಲ್ಕು ತಿಂಗಳಿಂದ ನಿನಗೆ ಸುಳ್ಳು ಹೇಳುತ್ತಾ ಬಂದಿದ್ದೇನೆ. ಫೋನಿನಲ್ಲಿ ಹೇಳಹೊರಟರೆ ನೀನು ಅಳುತ್ತೀಯ, ನಾನು ಇನ್ನೊಂದು ಸುಳ್ಳು ಪೋಣಿಸುತ್ತೇನೆ. ಅದಕ್ಕೇ ಕಾಗದ. ಒಬ್ಬಳೇ ಕೂತು ನಿಧಾನವಾಗಿ ಓದು.

ಈಸ್ಟರಿಗೆ ನಾನು ನಮ್ಮ ದ್ವೀಪಕ್ಕೆ ಬಂದಾಗ ನೀನು ನನ್ನ ಹಣೆಯ ಒರಟು ಚಕ್ಕೆಯನ್ನು ಮುಟ್ಟಿ ಏನಿದು ಎಂದು ಕೇಳಿದೆ. ಹೊಲಿಗೆ ಮಷಿನ್ ಎಣ್ಣೆ ತಾಗಿ ಆದದ್ದು ಎಂದೆ. ಅಲ್ಲಮ್ಮ. ಕೂದಲಿನ ಅಂಚಿನವರೆಗೆ ಅಂಥವು ಐದಿದ್ದವು. ಕೊಲೆತಾ ಅಕ್ಕನಿಗೂ ಹೀಗೆಯೇ ಶುರುವಾಗಿತ್ತು. ಅವಳೂ ನನ್ನಂತೆ ಚರ್ಮಕ್ಕೆ ಬಣ್ಣವಿಲ್ಲದೆ ಹುಟ್ಟಿದವಳು. ಹತ್ತೊಂಬತ್ತಕ್ಕೇ ಬಿಸಿಲು ಅವಳನ್ನು ತಿಂದುಹಾಕಿತು. ಹನ್ನೊಂದು ವರ್ಷದಿಂದ ನೀನು ಅವಳ ಹೆಸರೆತ್ತಿಲ್ಲ. ನಾನು ಹೇಗೆ ಎತ್ತಲಿ?

ಇಲ್ಲಿಯ ಡಾಕ್ಟರು ಭೂತಗನ್ನಡಿ ಹಿಡಿದು ನೋಡಿ, "ಇನ್ನೂ ಕ್ಯಾನ್ಸರ್ ಆಗಿಲ್ಲಮ್ಮ, ಬಿಟ್ರೆ ಆಗಬಹುದು" ಎಂದರು. ಮದ್ದೇನು ಗೊತ್ತೇ? ಮುಲಾಮು ಹಚ್ಚಿಕೊಂಡು ಹಗಲು ಬೆಳಕಿನಲ್ಲಿ ಎರಡು ಗಂಟೆ ಕೂರುವುದು! ನನಗೆ ಸಿಟ್ಟೇ ಬಂತು. ಹುಟ್ಟಿದಾಗಿನಿಂದ ಬಾಗಿಲ ಮರೆಯಲ್ಲಿ ಬೆಳೆದವಳಿಗೆ ಹೇಳುವ ಮಾತೇ ಇದು?

ನರ್ಸ್ ವಿನ್‌ಫ್ರಿದಾ ಬಿಡಿಸಿ ಹೇಳಿದಳು. "ಕೆಟ್ಟ ಕಣಗಳು ಆಸೆಬುರುಕ ಮುಂಡೇವು, ಮುಲಾಮನ್ನೆಲ್ಲ ಅವೇ ಕುಡೀತಾವೆ. ಬೆಳಕು ಬಿದ್ರೆ ಅದೇ ಅವಕ್ಕೆ ವಿಷ. ನಿಮ್ಮಮ್ಮ ಮೀನಿಗೆ ದಿನಪೂರ್ತಿ ಬಿಸಿಲು ತೋರಿಸ್ತಾಳಂತೆ, ನೀನು ಎರಡು ಗಂಟೆ ಬೆಳಕು ನೋಡಿದ್ರೆ ಕರಗಿ ಹೋಗ್ತೀಯೇನೇ?"

ಮೊದಲು ಬಿಸಿಲು ತಡೆಯುವ ಕ್ರೀಮು, ಆಮೇಲೆ ಚಕ್ಕೆ ಕೆರೆದು ಮುಲಾಮು. ಆಸ್ಪತ್ರೆಯ ಅಂಗಳದ ಮಾವಿನ ಮರದ ಕೆಳಗೆ ನಮ್ಮಂಥವರು ನಾಲ್ಕು ಜನ ಕೂತೆವು. ಎರಡು ಗಂಟೆ ಕಳೆದು ವಿನ್‌ಫ್ರಿದಾ ಬಂದವಳು ತಲೆ ಚಚ್ಚಿಕೊಂಡಳು. ನಾಲ್ವರೂ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡಿದ್ದೆವು! ಯಾರೂ ಬೇಕೆಂದು ಎಳೆದಿರಲಿಲ್ಲ, ಕೈ ತಾನಾಗಿ ಹೋಗಿತ್ತು. "ನಿಮ್ಮ ಟೋಪಿಗೆ ವಾಸಿಯಾಯ್ತು, ಹಣೆಗೆ ಇನ್ನೊಂದ್ಸಲ ಬನ್ನಿ" ಎಂದು ಬೈದಳು.

ಎರಡನೆಯ ಸಲ ಅವಳೇ ನನ್ನ ಟೋಪಿ ಕಿತ್ತುಕೊಂಡು ಮಡಿಲಲ್ಲಿಟ್ಟುಕೊಂಡು ಕಾವಲು ಕೂತಳು. ಅಮ್ಮಾ, ನನಗೆ ಇಪ್ಪತ್ತಮೂರು ವರ್ಷ. ಹಗಲಿನಲ್ಲಿ ಮುಖವೆತ್ತಿ ಕೂತದ್ದು ಅದೇ ಮೊದಲು. ಕಣ್ಣು ಮುಚ್ಚಿದ್ದೆ. ಹಣೆಯ ಮೇಲೆ ಇರುವೆ ಹರಿದಾಡಿದಂತೆ ಚುರುಚುರು ಎಂದಿತು. ಅಕ್ಕನನ್ನು ಕೊಂದ ಬೆಳಕೇ ನನ್ನ ಹಣೆಯ ಮೇಲೆ ಕೂತು, ಕೆಟ್ಟದ್ದನ್ನು ಮಾತ್ರ ಹುಡುಕಿ ಸುಡುತ್ತಿತ್ತು, ಒಳ್ಳೆಯದನ್ನು ಮುಟ್ಟದೆ. ಇಂಥದ್ದೊಂದು ಲೋಕದಲ್ಲಿದೆಯೇ ಎಂದು ಅಳು ಬಂದುಬಿಟ್ಟಿತು.

ವಾರವಿಡೀ ಹಣೆ ಕೆಂಪಾಗಿ ಊದಿ ಹೊಪ್ಪಳೆ ಎದ್ದಿತು, ಆಮೇಲೆ ಉದುರಿತು. ಇವತ್ತು ಡಾಕ್ಟರು ಬೆರಳಿನಿಂದ ಸವರಿ ನೋಡಿ ಐದರಲ್ಲಿ ಒಂದೂ ಉಳಿದಿಲ್ಲ ಎಂದರು. ಹೊಸದು ಬರಬಹುದು, ಆರು ತಿಂಗಳಿಗೊಮ್ಮೆ ತೋರಿಸಬೇಕು. ಟೋಪಿ, ಉದ್ದ ತೋಳು ಎಂದಿನಂತೆಯೇ. ನೀನು ಹೇಳಿಕೊಟ್ಟದ್ದು ಯಾವುದೂ ತಪ್ಪಾಗಿರಲಿಲ್ಲ.

ಶನಿವಾರದ ದೋಣಿಗೆ ಬರುತ್ತೇನೆ.

ನಿನ್ನ ಮಗಳು,
ನ್ಯಾಂಗೆತಾ

ಮರೆತಿದ್ದೆ: ಟೋಪಿಗೆ ಮುಲಾಮು ಮೆತ್ತಿತ್ತು. ಒಗೆಯೋಣವೆಂದು ಒಳಪಟ್ಟಿಯ ಹೊಲಿಗೆ ಬಿಚ್ಚಿದೆ. ಅಕ್ಕನನ್ನು ಮಣ್ಣು ಮಾಡಿದ ವಾರವೇ ನೀನು ನನಗೆ ಹೊಲಿದುಕೊಟ್ಟ ಟೋಪಿ. ಪಟ್ಟಿಯೊಳಗೆ ಅವಳು ಉಡುತ್ತಿದ್ದ ಹಳದಿ ಕಾಂಗಾ ಬಟ್ಟೆಯ ತುಂಡು ಮಡಿಸಿಟ್ಟಿತ್ತು. ಇಷ್ಟು ವರ್ಷ ನನ್ನ ಹಣೆ ಕಾಯಲು ನೀನು ಅವಳನ್ನೇ ಕೂರಿಸಿದ್ದೆ ಎಂದು ಗೊತ್ತಿರಲಿಲ್ಲ ಅಮ್ಮಾ. ತುಂಡನ್ನು ಒಗೆದು ಅಲ್ಲೇ ಇಟ್ಟು ಹೊಲಿದಿದ್ದೇನೆ. ಶನಿವಾರ ನನ್ನ ಹಣೆ ಮುಟ್ಟಿ ನೋಡುವಾಗ ಒಂದೇ ಒಂದು ಸಲ ಅವಳ ಹೆಸರು ಹೇಳು.