ಇಪ್ಪತ್ತನೇ ತಾರೀಖಿನೊಳಗೆ ಒಂದು ಬಾಯ್ಲರ್

ಬ್ಯಾಂಕುಗಳು ಎಷ್ಟು ಮೂಲಧನ ಇಟ್ಟುಕೊಳ್ಳಬೇಕೆಂದು ತೀರ್ಮಾನಿಸುವ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನೀವು ನನ್ನನ್ನು ಕಣ್ಣಲ್ಲಿ ಕಂಡವರಲ್ಲ. ಆದರೂ ನಾನೆಷ್ಟು ಅಪಾಯಕಾರಿ ಎಂದು ಲೆಕ್ಕ ಹಾಕಿ ಮುಗಿಸಿದ್ದೀರಿ. ನಿಮ್ಮ ಕೋಷ್ಟಕದ ಪ್ರಕಾರ, ಮನೆ ಕಟ್ಟಲು ಸಾಲ ಕೇಳುವವರಿಗಿಂತ ನಾನು ಎರಡು ಪಟ್ಟು ಅಪಾಯಕಾರಿ. ಆ ಕಾರಣಕ್ಕೆ ಈ ತಿಂಗಳ ಇಪ್ಪತ್ತಕ್ಕೆ ನನ್ನ ಲಾಂಡ್ರಿಯ ಬಾಗಿಲು ಮುಚ್ಚಬೇಕಾಗಿದೆ. ಇವತ್ತು ಒಂಬತ್ತು. ಕುಶಲೋಪರಿ ವಿಚಾರಿಸುತ್ತ ಕೂರಲು ನನಗೆ ಪುರುಸೊತ್ತಿಲ್ಲ, ಕ್ಷಮಿಸಿ.

ನಮ್ಮದು ಆಸ್ಪತ್ರೆಯ ಬಟ್ಟೆ ಒಗೆಯುವ ಲಾಂಡ್ರಿ. ನನ್ನ ಅತ್ತೆ ಎರಡು ಕಲ್ಲುತೊಟ್ಟಿ ಇಟ್ಟುಕೊಂಡು ಶುರು ಮಾಡಿದ್ದು. ಈಗ ದಿನಕ್ಕೆ ಆರುನೂರು ಬೆಡ್‌ಶೀಟು ಬರುತ್ತವೆ, ಆಪರೇಷನ್ ಕೋಣೆಯ ಹಸಿರು ಗೌನುಗಳು ಬೇರೆ. ಒಂಬತ್ತು ಹೆಂಗಸರು ಇಲ್ಲಿ ದುಡಿದು ಮನೆ ನಡೆಸುತ್ತಾರೆ. ಎಲ್ಲಕ್ಕೂ ಉಗಿ ಕೊಡುವುದು ಒಂದೇ ಬಾಯ್ಲರ್, ಅದಕ್ಕೀಗ ಇಪ್ಪತ್ತೆರಡು ವರ್ಷ. ಹೋದ ತಿಂಗಳು ಬಾಯ್ಲರ್ ತಪಾಸಣೆಯವರು ಬಂದರು. ಅದರ ಹೊಟ್ಟೆಗೆ ಸುತ್ತಿಗೆಯಿಂದ ಬಡಿದರು, ಕಿವಿಗೊಟ್ಟು ಕೇಳಿದರು, ಒಳಗೆ ದೀಪ ಬಿಟ್ಟು ನೋಡಿದರು. "ಅಮ್ಮಾ, ತಗಡು ಸವೆದು ಹೋಗಿದೆ. ಬರೋ ತಿಂಗಳು ಇಪ್ಪತ್ತನೇ ತಾರೀಖಾದ್ಮೇಲೆ ಇದಕ್ಕೆ ಬೆಂಕಿ ಹಾಕಿದ್ರೆ ನಾನೇ ಬಂದು ಸೀಲ್ ಮಾಡ್ತೀನಿ" ಎಂದರು. ಅವರ ಮೇಲೆ ನನಗೆ ಎಳ್ಳಷ್ಟೂ ಸಿಟ್ಟಿಲ್ಲ. ಅವರು ಬಂದು, ಮುಟ್ಟಿ, ಬಡಿದು ನೋಡಿದ ಮೇಲೆ ಅಪಾಯ ಎಂದರು. ನೀವು ಯಾವ ಸುತ್ತಿಗೆ ಹಿಡಿದು ನನ್ನನ್ನು ಬಡಿದು ನೋಡಿದಿರಿ?

ಹೊಸ ಬಾಯ್ಲರಿಗೆ ಸಾಲ ಕೇಳಲು ಬ್ಯಾಂಕಿಗೆ ಹೋದೆ. ಹನ್ನೆರಡು ವರ್ಷದ ರಸೀದಿಗಳನ್ನು ಇಸ್ತ್ರಿ ಹಾಕಿದ ಹಾಗೆ ಜೋಡಿಸಿ ಒಯ್ದಿದ್ದೆ. ಒಂದು ಕಂತೂ ತಪ್ಪಿಲ್ಲ, ಹಿಂದಿನ ಸಾಲವನ್ನು ಎಂಟು ತಿಂಗಳು ಮೊದಲೇ ತೀರಿಸಿದ್ದೆ. ಮ್ಯಾನೇಜರ್ ಒಳ್ಳೆಯ ಮನುಷ್ಯ, ಒಂದೊಂದನ್ನೂ ತಿರುವಿ ನೋಡಿದರು.

"ಮೇಡಂ, ನಿಮ್ಮ ಫೈಲಲ್ಲಿ ತಪ್ಪೇನೂ ಇಲ್ಲ. ಆದ್ರೆ ಹೊಸ ಆದೇಶ ಬಂದ್ಮೇಲೆ ನಮ್ಮ ಮೂಲಧನವೇ ಸಾಲ್ತಾ ಇಲ್ಲ. ನಿಮ್ಮೊಬ್ಬರ ಸಾಲಕ್ಕೆ ಎತ್ತಿಡೋ ದುಡ್ಡಲ್ಲಿ ಅಷ್ಟೇ ದೊಡ್ಡ ಎರಡು ಮನೆ ಸಾಲ ಕೊಡಬಹುದು. ಹೆಡ್ ಆಫೀಸು ಯಾವುದಕ್ಕೆ ಹೂಂ ಅನ್ನತ್ತೆ, ನೀವೇ ಹೇಳಿ."

"ಹನ್ನೆರಡು ವರ್ಷ ಸರಿಯಾಗಿ ಕಟ್ಟಿದೀನಲ್ಲ ಸಾರ್?"

"ಅದಕ್ಕೆ ಕಾಲಂ ಇಲ್ಲ ಮೇಡಂ."

ನಮ್ಮ ಮನೆಪತ್ರ ಬೇಕಾದರೆ ಇಟ್ಟುಕೊಳ್ಳಿ, ಬಾಯ್ಲರಿಗೆ ಅಂತಲೇ ಬರೆದು ಕೊಡಿ ಎಂದೆ. ಪತ್ರ ಇಟ್ಟರೂ ವ್ಯಾಪಾರದ ಸಾಲ ವ್ಯಾಪಾರದ ಸಾಲವೇ, ಕೋಷ್ಟಕದಲ್ಲಿ ಅದರ ಅಪಾಯದ ತೂಕ ಇಳಿಯುವುದಿಲ್ಲ ಎಂದರು. ಅವರ ಮುಖ ನನ್ನದಕ್ಕಿಂತ ಬಾಡಿತ್ತು.

ಮೂಲಧನ ಅಂದರೇನು ಎಂದು ನನಗೆ ಪಾಠ ಮಾಡಬೇಡಿ, ಮಾನ್ಯರೇ. ಕೊಟ್ಟ ಸಾಲ ಮುಳುಗಿದಾಗ ಠೇವಣಿದಾರರ ಹಣಕ್ಕೆ ಕೈ ಹಚ್ಚದೆ ಬ್ಯಾಂಕು ತನ್ನ ಗಂಟಿನಿಂದಲೇ ನಷ್ಟ ಹೊರಬೇಕು, ಅದಕ್ಕಾಗಿ ಮಾಲೀಕರು ಹಾಕಿಟ್ಟ ದುಡ್ಡು ಅದು. ಆ ಗಂಟು ಖಾಲಿ ಇದ್ದರೆ ಏನಾಗುತ್ತದೆ ಎಂಬುದನ್ನು ನಮ್ಮತ್ತೆ ಅನುಭವಿಸಿದ್ದಾರೆ. ಅವರ ಮೊದಲ ಬ್ಯಾಂಕು ಮುಳುಗಿದಾಗ ನಲವತ್ತು ದಿನ ಮುಚ್ಚಿದ ಬಾಗಿಲ ಮುಂದೆ ನಿಂತರು, ಕೊನೆಗೆ ಮೂರರಲ್ಲಿ ಒಂದು ಪಾಲು ಕೈಗೆ ಬಂತು. ಆದ್ದರಿಂದ ನಿಯಮವೇ ಬೇಡ ಎನ್ನುವಷ್ಟು ಹುಚ್ಚಿ ನಾನಲ್ಲ. ಗಂಟು ದಪ್ಪಗಿರಲಿ. ಆದರೆ ಅದು ಸಾಲದೇ ಹೋದಾಗ ಬ್ಯಾಂಕಿನ ಮುಂದೆ ಎರಡು ದಾರಿ ಇರುತ್ತವೆ: ಮಾಲೀಕರಿಂದ ಇನ್ನಷ್ಟು ತರಿಸುವುದು, ಇಲ್ಲವೇ ನಮ್ಮಂಥವರಿಗೆ ಸಾಲ ನಿಲ್ಲಿಸುವುದು. ಈ ಬ್ಯಾಂಕು ಇದೇ ವರ್ಷ ತನ್ನ ಷೇರುದಾರರಿಗೆ ಲಾಭಾಂಶ ಹಂಚಿದೆ. ಗೋಡೆಯ ಮೇಲೆ ಅದರ ಜಾಹೀರಾತು ನಗುತ್ತಿತ್ತು, ಅದರ ಕೆಳಗೇ ಕೂತು ನಾನು 'ಇಲ್ಲ' ಅನ್ನಿಸಿಕೊಂಡು ಬಂದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಬರೆ ಬಿದ್ದ ಎಮ್ಮೆಯೇ ಈ ಪತ್ರ ಬರೆಯುತ್ತಿದೆ ಎಂದು ತಿಳಿಯಿರಿ.

ಇನ್ನು ನಿಮ್ಮ ನಿಯಮದ ಜಾಣತನ ಕೇಳಿ. ಬ್ಯಾಂಕಿನ ಎದುರು ಜೆರಾಕ್ಸ್ ಅಂಗಡಿಯಲ್ಲಿ ಅರ್ಜಿ ತುಂಬಿಕೊಡುವ ಒಬ್ಬರು ಕೂರುತ್ತಾರೆ. ಏನು ಕೇಳಿದರೂ "ಆಗತ್ತೆ" ಎನ್ನುವುದರಿಂದ ಅವರ ಹೆಸರೇ ಆಗತ್ತೆಯಣ್ಣ. ನನ್ನ ಮುಖ ನೋಡಿ ಕರೆದರು.

"ಅಕ್ಕಾ, ಮನೆ ರಿಪೇರಿ ಸಾಲ ಅಂತ ಹಾಕಿ. 'ಮನೆಗೆ ಬಿಸಿನೀರಿನ ವ್ಯವಸ್ಥೆ' ಅಂತ ಬರೆಯೋಣ. ನಾಲ್ಕೇ ದಿನ, ಆಗತ್ತೆ."

"ಏನಪ್ಪಾ, ಆರುನೂರು ಶೀಟು ಬೇಯಿಸೋ ನೀರಲ್ಲಿ ನಾವು ನಾಲ್ಕು ಜನ ಸ್ನಾನ ಮಾಡ್ತೀವಾ?"

"ಅವರು ನಿಮ್ಮ ಸ್ನಾನ ನೋಡೋಕೆ ಬರಲ್ಲಕ್ಕ, ಮನೆಪತ್ರ ನೋಡ್ತಾರೆ."

ಅದೇ ಮನೆ, ಅದೇ ಬಾಯ್ಲರ್, ತೀರಿಸುವವಳೂ ನಾನೇ. ನಿಜ ಬರೆದರೆ ಅಪಾಯ ಎರಡು ಪಟ್ಟು, ಸುಳ್ಳು ಬರೆದರೆ ಅದರ ಅರ್ಧ! ಇಂಥ ಕೋಷ್ಟಕ ಬ್ಯಾಂಕನ್ನು ಕಾಯುತ್ತದೆಯೋ, ಊರಿಗೆಲ್ಲ ಸುಳ್ಳು ಬರೆಯಲು ಕಲಿಸುತ್ತದೆಯೋ? ನಾಳೆ ಇಂಥ ನೂರು 'ಬಿಸಿನೀರಿನ ವ್ಯವಸ್ಥೆ'ಗಳು ಒಟ್ಟಿಗೇ ಕೈಕೊಟ್ಟರೆ, ಮನೆ ಸಾಲ ಸುರಕ್ಷಿತ ಎಂದು ನಂಬಿ ನೀವು ಬ್ಯಾಂಕಿನಲ್ಲಿ ಇಡಿಸಿದ ಆ ಸಣ್ಣ ಗಂಟು ಎಷ್ಟು ದಿನ ಬಂದೀತು?

ನಮ್ಮ ಕೆಲಸದಲ್ಲಿ ಹೊಸಬರಿಗೆ ಮೊದಲ ದಿನವೇ ಒಂದು ಮಾತು ಹೇಳುತ್ತೇವೆ: ರಕ್ತ ಹತ್ತಿದ ಬಟ್ಟೆಗೆ ಮೊದಲು ತಣ್ಣೀರು. ಬಿಸಿನೀರಿಗೆ ಹಾಕಿದರೆ ಕಲೆ ಅಲ್ಲೇ ಕೂತುಬಿಡುತ್ತದೆ, ಆಮೇಲೆ ಏನು ತಿಕ್ಕಿದರೂ ಬಿಡದು. ಮೂಟೆ ಬಿಚ್ಚಿ ನೋಡದೆ ಎಲ್ಲಕ್ಕೂ ಒಂದೇ ನೀರು ಹಾಕುವವರನ್ನು ನಮ್ಮತ್ತೆ ಅವತ್ತೇ ಮನೆಗೆ ಕಳಿಸುತ್ತಿದ್ದರು.

ಆ ಮನೆ ಅತ್ತೆಯ ಹೆಸರಿನಲ್ಲಿದೆ. ಆಗತ್ತೆಯಣ್ಣ ತುಂಬಿಕೊಟ್ಟ ಅರ್ಜಿ ತಂದು ಮೇಜಿನ ಮೇಲಿಟ್ಟೆ. ಎಪ್ಪತ್ತೆಂಟು ವರ್ಷದಲ್ಲಿ ಒಂದು ಚಿಲ್ಲರೆ ಲೆಕ್ಕದಲ್ಲೂ ಸುಳ್ಳಾಡದ ಹೆಂಗಸು, ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. "ಒಂಬತ್ತು ಜನರ ಅನ್ನ ಕಣೇ ಇದು" ಎಂದು ಸಹಿ ಹಾಕಿ, ಮುಖ ತಿರುಗಿಸಿಕೊಂಡು ಒಳಗೆ ಹೋದರು. ಆ ಮುಖ ನೋಡಿದ ಮೇಲೆ ನನಗೆ ಸಹಿ ಹಾಕಲು ಕೈ ಬರಲಿಲ್ಲ. ನನಗೆ ಅಳು ಬಂತು, ಆಮೇಲೆ ಸಿಟ್ಟು ಬಂತು, ಪತ್ರ ಬರೆಯಲು ಕೂತೆ.

ನನ್ನ ಬೇಡಿಕೆ ದೊಡ್ಡದಲ್ಲ. ಮೂಲಧನ ಕಡಿಮೆ ಬಿದ್ದ ಬ್ಯಾಂಕು ಮೊದಲು ತನ್ನ ಲಾಭಾಂಶ ನಿಲ್ಲಿಸಲಿ, ಸಣ್ಣವರ ಸಾಲವನ್ನು ಆಮೇಲೆ ಮುಟ್ಟಲಿ. ವರ್ಷಗಟ್ಟಲೆ ತಪ್ಪದೆ ಕಟ್ಟಿದವರಿಗೆ ನಿಮ್ಮ ಕೋಷ್ಟಕದಲ್ಲಿ ಒಂದು ಕಾಲಂ ಹಾಕಿ. ಅಷ್ಟು ದಿನ ಕಾಯುವಂತಿಲ್ಲವಾದ್ದರಿಂದ, ಇಪ್ಪತ್ತರೊಳಗೆ ನಿಮ್ಮ ಕಚೇರಿಯಿಂದ ಒಬ್ಬರನ್ನಾದರೂ ಇಲ್ಲಿಗೆ ಕಳಿಸಿ. ಬಂದು ನನ್ನ ಲೆಕ್ಕಪತ್ರವನ್ನು ಮುಟ್ಟಿ, ಬಡಿದು ನೋಡಲಿ. ಆಮೇಲೂ ನಾನು ಅಪಾಯ ಎಂದರೆ ನಾನು ಬಾಯಿ ಮುಚ್ಚಿಕೊಳ್ಳುತ್ತೇನೆ.

ಈ ಪತ್ರವನ್ನು ಪತ್ರಿಕೆಗೂ ಕಳಿಸುತ್ತಿದ್ದೇನೆ. ಅಲ್ಲಿ ಅಚ್ಚಾದ ಮೇಲೆ ಮನೆ ರಿಪೇರಿಯ ಆ ಎರಡನೇ ಅರ್ಜಿ ಎಲ್ಲಿಯೂ ನಡೆಯುವುದಿಲ್ಲ, ನನಗದು ಗೊತ್ತು. ಇಲ್ಲಿಯವರೆಗೆ ಬರೆದದ್ದನ್ನು ಅತ್ತೆಗೆ ಓದಿ ಹೇಳಿ, ಪತ್ರ ಅಂಚೆಗೆ ಹಾಕಲೇ ಎಂದು ಕೇಳಿದೆ. ಅವರು ಪೆನ್ನು ಇಸಿದುಕೊಂಡು ಆ ಅರ್ಜಿಯಲ್ಲಿದ್ದ ತಮ್ಮ ಸಹಿಯ ಮೇಲೆ ಅಡ್ಡಗೆರೆ ಎಳೆದರು. "ಹಾಕು" ಎಂದರು. ಈಗ ನಮ್ಮಲ್ಲಿ ಉಳಿದಿರುವುದು ನಿಜದ ಅರ್ಜಿ ಒಂದೇ.

ಇಂತಿ,
ಇಪ್ಪತ್ತನೇ ತಾರೀಖಿನವರೆಗೆ ಒಂದು ಲಾಂಡ್ರಿಯ ಒಡತಿ