ಏಳನೇ ಬಾಗಿಲಿಗೆ ಬೇಕಾದ ಹೆಸರು

ಜೂನ್ 9, ಸೋಮವಾರ. ಬೆಳಿಗ್ಗೆ

"ಬತ್ತಿ ಹೊಸೆದಾಕಿ ನಾ, ಎಣ್ಣಿ ಹೊಯ್ದಾಕಿ ನಾ…" ಮುಂದೆ? ಚಹಾ ಸೋಸುತ್ತ ನೆನಪಿಸಿಕೊಂಡೆ. ಬರಲಿಲ್ಲ. ಅಷ್ಟಕ್ಕೂ ಇದು ನಾನು ಬರೆದ ಸಾಲೇ? ಅಲ್ಲ ಅನಿಸುತ್ತದೆ. ಇಷ್ಟು ನೇರವಾಗಿ ಬರೆಯುವ ಧೈರ್ಯ ಆಗ ನನಗೆಲ್ಲಿತ್ತು…

ಸವದತ್ತಿಯಿಂದ ಗುರುನಾಥ ಫೋನ್ ಮಾಡಿ "ನಮ್ಮ ವಾಡೆ ಆಟ ಮತ್ತ ಬರಾಕತ್ತೇತ್ರೀ ಅಕ್ಕಾ, ಮೊಬೈಲ್‌ನ್ಯಾಗ" ಎಂದಾಗಿನಿಂದ ಇದೇ ಗುಂಗು.

ಕಿತ್ತೂರಿನ ಶಾಲೆಗೆ ಹೋಗುವ ಬಸ್ಸಿಗೆ ಹೊತ್ತಾಯಿತು.

ಅದೇ ದಿನ, ಸಂಜೆ

ಮೈ ಉರಿಯುತ್ತಿದೆ. ಕ್ರಮವಾಗಿ ಬರೆದರೆ ತಣ್ಣಗಾದೀತು.

'ಏಳು ಬಾಗಿಲ ವಾಡೆ' — 2001ರಲ್ಲಿ, ಇಲ್ಲೇ ಬೈಲಹೊಂಗಲದಲ್ಲಿ, ಗುರುನಾಥನ ಕಂಪ್ಯೂಟರ್ ಕ್ಲಾಸಿನಲ್ಲಿ ಮೂವರು ಸೇರಿ ಮಾಡಿದ ಆಟ. ಚಿತ್ರ, ಪ್ರೋಗ್ರಾಮ್ ಅವನದು. ಹೆಸರು ಸೇರಿಸಿ ಹೇಳುವ ಪುಟ್ಟ ಪದ್ಯಗಳು, ಒಡಪುಗಳು, ನನ್ನವು. ದನಿ ಪಕ್ಕದ ಮನೆಯ ಸಾವಂತ್ರೆವ್ವನವರದು. ಮೌಸ್ ಹಿಡಿದು ವಾಡೆಯ — ಹಳೇ ದೊಡ್ಡ ಮನೆಯ — ಒರಳು, ಬೀಸುಕಲ್ಲು, ದೀಪದ ಗೂಡು ಎಲ್ಲವನ್ನೂ ಕ್ಲಿಕ್ ಮಾಡಿ ಸುಳಿವು ಹುಡುಕಬೇಕು. ಮದುಮಗಳನ್ನು ಹೊಸ್ತಿಲಲ್ಲಿ ತಡೆದು, ಗಂಡನ ಹೆಸರು ಒಡಪಿನಲ್ಲಿ ಹೇಳಿದ ಮೇಲೆಯೇ ಒಳಗೆ ಬಿಡುತ್ತಾರಲ್ಲ — ಅದೇ ಪದ್ಧತಿ. ಆರು ಬಾಗಿಲು, ಆರು ಸೊಸೆಯಂದಿರು, ಆರು ಗಂಡಂದಿರು. ಸುಳಿವಿನಿಂದ ಹೆಸರು ಹಿಡಿದು, ಅಕ್ಷರದ ಕಲ್ಲು ಒತ್ತಿ ಜೋಡಿಸಿದರೆ ಬಾಗಿಲು ತೆರೆಯುತ್ತದೆ.

ಏಳನೆಯದು ಯಾವ ಗಂಡನ ಹೆಸರಿಗೂ ತೆರೆಯುವುದಿಲ್ಲ. ಅಲ್ಲಿ ನಿಂತ ಸೊಸೆಯ ಸ್ವಂತ ಹೆಸರಿಗೇ ತೆರೆಯುತ್ತದೆ. ಮೊದಲ ಬಾಗಿಲ ಪಕ್ಕದ ಹಿತ್ತಾಳೆ ಕೊಡದ ಮೇಲೆಯೇ ಕೊರೆದಿದೆ — ಸಾವಂತ್ರಿ. ದಾಟಿ ಹೋಗುವಾಗ ಯಾರೂ ನೋಡುವುದಿಲ್ಲ.

ನಾನು ಬರೆದುಕೊಟ್ಟದ್ದು ಅಲ್ಲಿಯೂ ಗಂಡನ ಹೆಸರೇ. ಸಾವಂತ್ರೆವ್ವ ಮೈಕಿನ ಮುಂದೆ ನಿಂತು ಅದನ್ನು ಬಿಟ್ಟರು, ತಮ್ಮ ಹೆಸರು ಹೇಳಿದರು. ಅವರ ಗಂಡ ಮಹಾಂತಪ್ಪ ಸುರೇಬಾನದಲ್ಲಿ ಇನ್ನೊಬ್ಬಳ ಜೊತೆ ಮನೆ ಮಾಡಿ ಆಗಲೇ ಬಹಳ ವರ್ಷವಾಗಿತ್ತು. ಕೇಳಿ ಗುರುನಾಥನೇ ಕುಣಿದಾಡಿದ್ದ. ಕೊಡದ ಮೇಲೆ ಹೆಸರು ಕೊರೆದದ್ದು ಆಮೇಲೆ.

ಇಂದು ಸ್ಟಾಫ್ ರೂಮಿನಲ್ಲಿ ಪ್ರಜ್ಞಾ ಹೊಸ ಆಟದ ಟ್ರಯಲ್ ಹಾಕಿ ತೋರಿಸಿದಳು. ಕಂಪ್ಯೂಟರ್ ಕಲಿಸುವ ಹುಡುಗಿ, ರಾಮದುರ್ಗದವಳು. ಚಿಕ್ಕವಳಿದ್ದಾಗ ಒಂದು ಬೇಸಿಗೆ ಸೂಟಿಯನ್ನೇ ಏಳನೇ ಬಾಗಿಲಲ್ಲಿ ಕಳೆದವಳು. "ಮನ್ಯಾಗಿನ ಗಂಡಸರ ಹೆಸರೆಲ್ಲಾ ಹಾಕಿದ್ದೆ ಮೇಡಂ. ಕಡೀಕ ನಮ್ಮ ಎತ್ತಿನ ಹೆಸರೂ ಹಾಕಿದ್ದೆ! ತಗೀಲಿಲ್ಲ. ಆಮ್ಯಾಲ ನಮ್ಮವ್ವ ಅಂದ್ಳು — ಅದ್ಯಾಕ ಬರೇ ಗಂಡಸೂರನ್ನ ಹುಡುಕತೀ?" ನಾನು ಮರೆತ ಸಾಲಿನ ತುದಿಯೂ ಅವಳಿಗೆ ಬಾಯಿಪಾಠ: "…ಸಾವಂತ್ರಿ ಅಂತ ಬರಕೋರಿ."

ಹೊಸ ಆಟದಲ್ಲಿ ಏಳನೇ ಬಾಗಿಲು 'ವಿರೂಪಾಕ್ಷ' ಎಂದರೆ ತೆರೆಯುತ್ತದೆ. ಯಾರೀತ? ಆರು ಬಾಗಿಲಲ್ಲಿ ಇಲ್ಲದವನು ಏಳನೆಯದಕ್ಕೆ ಎಲ್ಲಿಂದ ಬಂದ? ಕೊಡವನ್ನು ಫಳಫಳ ಬೆಳಗಿ ಹೆಸರು ಅಳಿಸಿದ್ದಾರೆ.

ಜೂನ್ 10

ಗುರುನಾಥನಿಗೆ ಫೋನ್.

"ಟೆಸ್ಟ್ ಮಾಡಿದವ್ರು ಅದು ಬಗ್ ಅಂತ ಬರದಾರ್ರೀ ಅಕ್ಕಾ. ಒಡಪಂದ್ರ ಗಂಡನ ಹೆಸರ ಇರಬೇಕಲ್ಲ ಅಂತಾರ."

"ಮಂದಿ ಇಷ್ಟ ವರ್ಷ ತಲಿ ಕೆಡಿಸಿಕೊಂಡಿದ್ದ ಅದಕ್ಕ ಅಲ್ಲೇನೋ?"

"ಕಂಪನಿಯವ್ರು ಕೇಳವಲ್ರು. ಹಳೇ ದನಿನೂ ಗರಗರ ಅಂತೈತಿ. ಶನಿವಾರ ಬಂದು ಸಾವಂತ್ರೆವ್ವಾರ ಕಡೆ ಹೊಸದಾಗಿ ಹೇಳಸತೇನಿ. ನೀವ ಎರಡ ಸಾಲ ಬರದ ಕೊಡ್ರಿ. ವಿರೂಪಾಕ್ಷ ಬ್ಯಾಡಾದ್ರ ಬ್ಯಾರೆ ಇಡ್ರಿ. ಯಾವನರೆ ಒಬ್ಬ ಗಂಡ ಇದ್ರ ಸಾಕು."

ಯಾವನಾದರೂ ಒಬ್ಬ! ಬರೆಯುವುದಿಲ್ಲ ಎಂದೆ.

"ಹಂಗಾರ ಅವರ ಬಾಯಿಗೆ ಬಂದದ್ದನ್ನ ತಗೋತೇನಿ. ಒಡಪಿಗೆ 'ಜಾನಪದ' ಅಂತ ಹಾಕತೇನಿ, ಜಗಳನ ಇಲ್ಲ."

ಅಂದರೆ ಆಟದ ಹೆಸರುಪಟ್ಟಿಯಲ್ಲಿ ನಾನೂ ಇಲ್ಲ, ಸಾವಂತ್ರೆವ್ವನವರೂ ಇಲ್ಲ. ಜೀವಂತ ಇರುವ ಇಬ್ಬರು ಹೆಂಗಸರನ್ನು ಜನಪದ ಮಾಡಿ ಮುಗಿಸುವುದು ಎಷ್ಟು ಸಲೀಸು.

ಜೂನ್ 12

ಸಾವಂತ್ರೆವ್ವನವರ ಪಡಸಾಲೆಯಲ್ಲಿ ಕೂತು ಎಲ್ಲ ಹೇಳಿದೆ. ಮೊರದಲ್ಲಿ ಜೋಳ ಹಸನು ಮಾಡುತ್ತ ಕೇಳಿದರು.

"ಅಂವಗ ಗಂಡನ ಹೆಸರ ಬೇಕಂತೇನು? ಹೇಳಿದ್ರಾತು ತಗೋ. ಹೆಸರ ಹೇಳಿದ್ರ ಬಾಯೇನ ಸವದ ಹೋಗೂದಿಲ್ಲ."

"ಅವ್ವಾರ! ಆ ಮನುಷ್ಯಾನ ಹೆಸರಾ?"

"ಇದ್ದಾಂವ ಅವನೊಬ್ಬನ ಅಲ್ಲವಾ ತಂಗೀ, ಬ್ಯಾರೆ ಯಾರನ್ನ ತರಲಿ?" ನಕ್ಕರು. ಹರಳು ಆರಿಸಿ ಅಂಗಳಕ್ಕೆಸೆದರು.

ನನಗೆ ನಗು ಬರಲಿಲ್ಲ. ಚಹಾ ಕುಡಿಯದೇ ಎದ್ದು ಬಂದೆ. ಹೊಸ್ತಿಲು ದಾಟುವ ಹೆಂಗಸರ ಪದ್ಯ ಓದುತ್ತ ಇಷ್ಟು ವರ್ಷ ಬದುಕಿದವಳು ನಾನು. ಯಾರಾದರೂ ನಿಜವಾಗಿ ದಾಟಿದ್ದನ್ನು ಕಣ್ಣಾರೆ ಕಂಡದ್ದು ಅಂದು ಮೈಕಿನ ಮುಂದಿನ ಆ ಒಂದು ಹೊಸ್ತಿಲು. ಅದನ್ನೂ ಅವರೇ ಮರಳಿ ಕೊಟ್ಟುಬಿಡುವುದೆಂದರೆ…

ಜೂನ್ 14, ಶನಿವಾರ. ಮಧ್ಯಾಹ್ನ

ಪಕ್ಕದ ಮನೆ ಮುಂದೆ ಗುರುನಾಥನ ಕಾರು. ನನ್ನ ಕಿಟಕಿ ಮುಚ್ಚಿದೆ. ಸೆಕೆ. ತೆರೆಯಲಿಲ್ಲ.

ಸಂಜೆ

ಬಾಗಿಲು ಬಡಿದ ಸದ್ದು. ಸಾವಂತ್ರೆವ್ವ. "ಒಳಗ ಬರ್ರಿ" ಎಂದೆ, ಮುಖ ನೋಡದೆ. ಬರಲಿಲ್ಲ. ಹೊಸ್ತಿಲಾಚೆಯೇ ನಿಂತರು.

"ಹೇಳಿದ್ರೇನ ಹೆಸರಾ?"

"ಹೇಳ್ದೆ. ಮಹಾಂತಪ್ಪ ಅನ್ನೂದ ತಡಾ, ಗುರುನಾಥ ಭಾಳ ಖುಷಿಯಾದ. ಪೂರಾ ಕೇಳಿ ಕಿವಿಗೆ ಹಾಕ್ಕೊಂಡಿದ್ದ ಡಬ್ಬಿ ತಗದ ಕೆಳಗಿಟ್ಟ. ಮತ್ತೊಮ್ಮೆ ಹೇಳ್ರಿ ಅಂದ. ಮತ್ತ ಅದನ್ನ ಹೇಳ್ದೆ. ಗಂಡನ ಹೆಸರ ಕೇಳಿದ್ರಿ, ಐತಿಲ್ಲೋ? ಅಂದೆ. ಐತ್ರಿ ಅಂದ. ಈಗ ಬಾಗಲಾ ಯಾರ ಹೆಸರಿಗೆ ತಗಿಯೂದು ಅಂತ ಕಂಪನಿಗೆ ಫೋನ್ ಹಚ್ಕೊಂಡ ಕುಂತಾನ."

"ಅಂಥಾದ್ದೇನ ಹೇಳಿದ್ರಿ?"

ಸೆರಗು ತಲೆ ಮೇಲೆ ಎಳೆದುಕೊಂಡರು. ಒಂದು ಕೈ ಚೌಕಟ್ಟಿನ ಮೇಲೆ.

"ಬತ್ತಿ ಹೊಸೆದಾಕಿ ನಾ, ಎಣ್ಣಿ ಹೊಯ್ದಾಕಿ ನಾ,
ಮಹಾಂತಪ್ಪ ನಿಂತಾನ ಹೊರಗ —
ಸಾವಂತ್ರಿ ಅನಲಿ ಮೊದಲ. ಆಮ್ಯಾಲ ನೋಡೂಣು…"